ನಿಜಿನ್‌ಸ್ಕಿಯ ಮೂವತ್ತು ವರ್ಷದ ಮೌನ

ವಾಸ್ಲಾವ್ ನಿಜಿನ್‌ಸ್ಕಿ ರಂಗದ ಮೇಲೆ ಕುಣಿದದ್ದು ಹತ್ತೇ ವರ್ಷ. 1907ರಲ್ಲಿ ನೃತ್ಯಶಾಲೆಯಿಂದ ಹೊರಬಂದವನು 1917ರಲ್ಲಿ ಕೊನೆಯ ಬಾರಿಗೆ ಸಾರ್ವಜನಿಕ ರಂಗವನ್ನು ಏರಿದನು. ಆಮೇಲೆ ಅವನು ಇನ್ನೂ ಮೂವತ್ತೆರಡು ವರ್ಷಕ್ಕೂ ಮಿಕ್ಕಿ ಬದುಕಿದ್ದನು. ಅದರಲ್ಲಿ ಮೂವತ್ತೊಂದು ವರ್ಷವನ್ನು ಮನೋರೋಗಿಯಾಗಿ, ಬಹುಪಾಲು ಮಾತೇ ಇಲ್ಲದವನಾಗಿ ಕಳೆದನು. ಅವನ ನರ್ತನವನ್ನು ಸೆರೆಹಿಡಿದ ಚಲನಚಿತ್ರ ಒಂದೂ ನಮಗೆ ಉಳಿದಿಲ್ಲ. ಒಂದಿಷ್ಟು ಛಾಯಾಚಿತ್ರಗಳು, ಕಣ್ಣಾರೆ ಕಂಡವರ ವರ್ಣನೆಗಳು, ಅವನೇ ಬರೆದ ಒಂದು ದಿನಚರಿ, ಇಷ್ಟೇ ಉಳಿದ ಆಸ್ತಿ. ಆದರೂ ಇಂದಿಗೂ ಪಶ್ಚಿಮ ದೇಶಗಳಲ್ಲಿ ಗಂಡು ನರ್ತಕರ ಮಾತು ಬಂದಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ಅವನದೊಂದು.

ಅವನ ಬಾಳನ್ನು ಕುರಿತು ಬರೆದವರು ಬಹಳ ಜನ. ಅವನ್ನು ಓದುತ್ತ ಹೋದಾಗ ನನ್ನ ಗಮನಕ್ಕೆ ಬಂದ ಒಂದು ಸಂಗತಿಯುಂಟು. ಅವನಿಗೆ ಬುದ್ಧಿಭ್ರಮಣೆಯಾದದ್ದಕ್ಕೆ ಒಬ್ಬೊಬ್ಬರೂ ಒಬ್ಬೊಬ್ಬ ಅಪರಾಧಿಯನ್ನು ಹುಡುಕಿಟ್ಟಿದ್ದಾರೆ. ಕೆಲವರಿಗೆ ಅವನ ಆಶ್ರಯದಾತ, ಕೆಲವರಿಗೆ ಅವನ ಹೆಂಡತಿ, ಕೆಲವರಿಗೆ ಯುದ್ಧ, ಮತ್ತೆ ಕೆಲವರಿಗೆ ಅವನ ಪ್ರತಿಭೆಯೇ. ನಾನು ವೈದ್ಯನಲ್ಲ, ಸಾಹಿತ್ಯದ ವಿದ್ಯಾರ್ಥಿ. ಆದರೆ ಅವನು ಸತ್ತ ಮೇಲೆ ಏಳು ದಶಕಗಳಲ್ಲಿ ವಿಜ್ಞಾನಿಗಳು ಈ ರೋಗದ ಬಗೆಗೆ ಕಂಡುಕೊಂಡದ್ದನ್ನು ಅವನ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ, ಈ ತೀರ್ಪುಗಳೆಲ್ಲ ಮತ್ತೆ ವಿಚಾರಣೆಗೆ ಬರಬೇಕೆಂದು ನನಗೆ ತೋರುತ್ತದೆ.

ಅವನು ಹುಟ್ಟಿದ್ದು 1889ರ ಸುಮಾರಿಗೆ, ಆಗ ರಷ್ಯದ ಚಕ್ರಾಧಿಪತ್ಯಕ್ಕೆ ಸೇರಿದ್ದ ಕೀವ್ ನಗರದಲ್ಲಿ. ತಂದೆ ತಾಯಿ ಇಬ್ಬರೂ ಪೋಲಿಷ್ ಜನ, ಇಬ್ಬರೂ ನರ್ತಕರು. ಊರಿಂದೂರಿಗೆ ಅಲೆದು ಕುಣಿದು ಹೊಟ್ಟೆ ಹೊರೆಯುತ್ತಿದ್ದವರು. ಮೂವರು ಮಕ್ಕಳು. ಹಿರಿಯವನು ಸ್ಟಾನಿಸ್ಲಾವ್, ನಡುವಣವನು ವಾಸ್ಲಾವ್, ಕಿರಿಯವಳು ಬ್ರೋನಿಸ್ಲಾವಾ. ಈಕೆ ಮುಂದೆ ತಾನೂ ದೊಡ್ಡ ನೃತ್ಯಸಂಯೋಜಕಿಯಾಗಿ, ಅಣ್ಣನ ಬಾಲ್ಯವನ್ನು ಕುರಿತು ಅಮೂಲ್ಯವಾದ ನೆನಪುಗಳನ್ನು ಬರೆದಿಟ್ಟಳು. ಹಿರಿಯ ಮಗನು ಎಳವೆಯಲ್ಲಿ ಕಿಟಕಿಯಿಂದ ಕೆಳಗೆ ಬಿದ್ದನು. ಅವನ ಬುದ್ಧಿ ಸರಿಯಾಗಿ ಬೆಳೆಯಲಿಲ್ಲ. ಕೊನೆಗೆ ಅವನನ್ನು ಚಿಕಿತ್ಸಾಲಯದಲ್ಲಿ ಇಡಬೇಕಾಯಿತು. ತಂದೆ ಬೇರೊಬ್ಬಳ ಹಿಂದೆ ಹೋದನು. ತಾಯಿ ಎಲಿಯನೋರಾ ಮಕ್ಕಳನ್ನು ಕಟ್ಟಿಕೊಂಡು ಸೇಂಟ್ ಪೀಟರ್ಸ್‌ಬರ್ಗಿಗೆ ಬಂದು ನೆಲಸಿದಳು. ಮಗನನ್ನು ಚಕ್ರವರ್ತಿಯ ನೃತ್ಯಶಾಲೆಗೆ ಸೇರಿಸುವುದೊಂದೇ ಆ ಬಡತನಕ್ಕೆ ಅವಳು ಕಂಡ ಪರಿಹಾರವಾಗಿತ್ತು.

ಆ ಶಾಲೆಯಲ್ಲಿ ಅನ್ನ, ಬಟ್ಟೆ, ವಿದ್ಯೆ ಎಲ್ಲವೂ ಸರ್ಕಾರದ್ದೇ. ಪಾಠದಲ್ಲಿ ಹುಡುಗ ಹಿಂದೆ. ಜೊತೆಯವರು ಅವನ ಕೆನ್ನೆಯ ಮೂಳೆಗಳನ್ನೂ ಓರೆಗಣ್ಣನ್ನೂ ಹಾಸ್ಯ ಮಾಡುತ್ತಿದ್ದರು. ಆದರೆ ನೃತ್ಯದ ಕೋಣೆಯಲ್ಲಿ ಅವನಿಗೆ ಸಮಾನರೇ ಇರಲಿಲ್ಲ. ಎತ್ತರದಲ್ಲಿ ಸಾಮಾನ್ಯ, ತೊಡೆಗಳು ದಪ್ಪ. ನಿಂತಾಗ ಯಾರೂ ತಿರುಗಿ ನೋಡುವಂಥ ರೂಪವಲ್ಲ. ಹಾರಿದಾಗ ಮಾತ್ರ ಅವನು ಬೇರೆಯವನೇ ಆಗುತ್ತಿದ್ದನು. ಮೇಲಕ್ಕೆ ನೆಗೆದವನು ಕೆಳಗಿಳಿಯುವ ಮುನ್ನ ಅರೆಗಳಿಗೆ ಗಾಳಿಯಲ್ಲೇ ನಿಂತಂತೆ ಕಾಣುತ್ತಿತ್ತೆಂದು ನೋಡಿದವರೆಲ್ಲ ಒಕ್ಕೊರಲಿನಿಂದ ಹೇಳಿದ್ದಾರೆ. ಇಳಿಯುವಾಗ ಸದ್ದಿಲ್ಲ. 1907ರಲ್ಲಿ ಶಾಲೆ ಮುಗಿಸಿ ಮಾರಿನ್‌ಸ್ಕಿ ರಂಗಮಂದಿರವನ್ನು ಸೇರಿದೊಡನೆಯೇ ಹೆಸರಾಂತ ನರ್ತಕಿಯರ ಜೊತೆಗಾರನಾಗಿ ಕುಣಿಯುವ ಭಾಗ್ಯ ಅವನದಾಯಿತು.

ಅವನ ಬಾಳಿಗೆ ತಿರುವು ಕೊಟ್ಟವನು ಸೆರ್ಗೇ ಡಿಯಾಘಿಲೆವ್. ಕುಣಿಯಲು ಬಾರದ, ಚಿತ್ರ ಬರೆಯಲು ಬಾರದ, ಆದರೆ ಕುಣಿಯಬಲ್ಲವರನ್ನೂ ಬರೆಯಬಲ್ಲವರನ್ನೂ ಒಂದೆಡೆ ಕೂಡಿಸಿ ಕೆಲಸ ತೆಗೆಯುವುದರಲ್ಲಿ ಅಸಾಮಾನ್ಯನಾದ ಮನುಷ್ಯ. 1909ರ ಮೇ ತಿಂಗಳಲ್ಲಿ ಅವನು ತನ್ನ ರಷ್ಯನ್ ಬ್ಯಾಲೆ ತಂಡವನ್ನು ಪ್ಯಾರಿಸಿಗೆ ಕರೆತಂದಾಗ ಇಪ್ಪತ್ತರ ಹರೆಯದ ನಿಜಿನ್‌ಸ್ಕಿ ಒಂದೇ ರಾತ್ರಿಯಲ್ಲಿ ಜಗತ್ಪ್ರಸಿದ್ಧನಾದನು. ಅವರಿಬ್ಬರ ನಡುವೆ ಇದ್ದದ್ದು ಗುರುಶಿಷ್ಯ ಸಂಬಂಧವಷ್ಟೇ ಅಲ್ಲ, ಪ್ರಣಯವೂ ಹೌದು. ತರುಣನ ಊಟ, ಉಡಿಗೆ, ಗೆಳೆತನ, ಓದು ಎಲ್ಲವೂ ಡಿಯಾಘಿಲೆವ್‌ನ ಇಚ್ಛೆಯಂತೆಯೇ ನಡೆಯುತ್ತಿದ್ದವು. 1911ರಲ್ಲಿ, ಧರಿಸಿದ ಉಡುಪು ಸಭ್ಯವಾಗಿರಲಿಲ್ಲವೆಂಬ ನೆಪದಿಂದ ಮಾರಿನ್‌ಸ್ಕಿಯವರು ಅವನನ್ನು ಕೆಲಸದಿಂದ ತೆಗೆದರು. ಅಲ್ಲಿಂದ ಮುಂದೆ ಡಿಯಾಘಿಲೆವ್‌ನ ತಂಡವೇ ಅವನ ಮನೆಯಾಯಿತು.

ಆ ವರ್ಷಗಳ ಪಾತ್ರಗಳನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1910ರ ಷೆಹೆರಜಾದೆಯಲ್ಲಿ ಅಂತಃಪುರದ ಗುಲಾಮ. 1911ರಲ್ಲಿ, ಕನ್ಯೆಯೊಬ್ಬಳ ಕನಸಿನಲ್ಲಿ ಸುಳಿದು ಕಿಟಕಿಯಿಂದ ಹಾರಿಹೋಗುವ ಗುಲಾಬಿಯ ಚೇತನ. ಅದೇ ವರ್ಷ ಸ್ಟ್ರವಿನ್‌ಸ್ಕಿಯ ಸಂಗೀತಕ್ಕೆ ಪೆಟ್ರೂಷ್ಕಾ ಎಂಬ ಬೊಂಬೆ. 1912ರಲ್ಲಿ ನಮ್ಮ ದೇಶದ ಪುರಾಣವನ್ನು ದೂರದಿಂದ ಕಂಡು ಕಲ್ಪಿಸಿದ ನೀಲದೇವ ಎಂಬ ನೃತ್ಯನಾಟಕದಲ್ಲಿ ಮೈಗೆಲ್ಲ ನೀಲಿ ಬಳಿದುಕೊಂಡು ದೇವನಾದನು. ಆ ನಾಟಕ ಪ್ಯಾರಿಸಿನವರಿಗೆ ಅಷ್ಟಾಗಿ ರುಚಿಸಲಿಲ್ಲ. ಆದರೆ ಅದರ ಛಾಯಾಚಿತ್ರಗಳಲ್ಲಿ ಕಾಣುವ ಅವನ ಕೈಬೆರಳುಗಳ ಭಂಗಿ ನಮ್ಮ ದೇವಾಲಯಗಳ ಶಿಲ್ಪವನ್ನು ಕಂಡವರಿಗೆ ಅಪರಿಚಿತವೆನಿಸದು. ಪಾತ್ರ ಯಾವುದಾದರೂ ಬಣ್ಣ ಹಚ್ಚಿದ ಕ್ಷಣದಿಂದ ಅವನು ಅದೇ ಆಗಿಬಿಡುತ್ತಿದ್ದನಂತೆ. ಬಣ್ಣ ತೊಳೆದ ಮೇಲೆ ಮಾತು ಬಾರದ, ಔತಣಗಳಲ್ಲಿ ಮೂಲೆ ಹಿಡಿದು ಕೂರುವ ಸಂಕೋಚದ ಹುಡುಗ.

ಅವನು ಬರಿಯ ನರ್ತಕನಾಗಿದ್ದರೆ ಕಾಲದೊಡನೆ ಮರೆತುಹೋಗುತ್ತಿದ್ದನೋ ಏನೋ. 1912ರ ಮೇ 29ರಂದು ಅವನೇ ಸಂಯೋಜಿಸಿದ ಮೊದಲ ನೃತ್ಯ, ವನದೇವನ ಅಪರಾಹ್ನ, ಪ್ಯಾರಿಸಿನಲ್ಲಿ ಪ್ರದರ್ಶಿತವಾಯಿತು. ಹಾರುವುದಕ್ಕೇ ಹೆಸರಾದವನು ಆ ನೃತ್ಯದಲ್ಲಿ ಹಾರಿದ್ದು ಒಂದೇ ಸಲ. ಪುರಾತನ ಗ್ರೀಕ್ ಪಾತ್ರೆಗಳ ಮೇಲಣ ಚಿತ್ರಗಳಂತೆ ಎಲ್ಲರೂ ಒಂದು ಪಕ್ಕಕ್ಕೆ ತಿರುಗಿ, ಕೋನಕೋನವಾಗಿ ನಡೆದರು. ಅದರ ಕೊನೆಯ ಕಾಮಚೇಷ್ಟೆಯನ್ನು ಕಂಡು ಪತ್ರಿಕೆಯೊಂದು ಉರಿದೆದ್ದಿತು. ಶಿಲ್ಪಿ ರೋಡಿನ್ ಅವನ ಪರವಾಗಿ ನಿಂತನು. ಸರಿಯಾಗಿ ಒಂದು ವರ್ಷದ ಬಳಿಕ, 1913ರ ಮೇ 29ರಂದು, ಸ್ಟ್ರವಿನ್‌ಸ್ಕಿಯ ವಸಂತದ ಆರಾಧನೆ. ನೂರಕ್ಕೂ ಮಿಕ್ಕಿ ಅಭ್ಯಾಸಗಳಾಗಿದ್ದವು. ಕಾಲನ್ನು ಒಳಮುಖವಾಗಿ ತಿರುಗಿಸಿ, ಬೆನ್ನು ಬಾಗಿಸಿ, ನೆಲವನ್ನು ತುಳಿಯುವ ಆ ಕುಣಿತ ಮುನ್ನೂರು ವರ್ಷದ ಬ್ಯಾಲೆ ಸಂಪ್ರದಾಯಕ್ಕೆ ತಲೆಕೆಳಗಾದದ್ದು. ಸಭೆಯಲ್ಲಿ ಗಲಭೆಯೆದ್ದಿತು, ವಾದ್ಯಗಳ ನಾದ ಕುಣಿಯುವವರಿಗೆ ಕೇಳಿಸದಾಯಿತು. ನಿಜಿನ್‌ಸ್ಕಿ ಪಕ್ಕದ ತೆರೆಯ ಮರೆಯಲ್ಲಿ ಕುರ್ಚಿಯ ಮೇಲೆ ನಿಂತು ರಷ್ಯನ್ ಭಾಷೆಯಲ್ಲಿ ತಾಳದ ಎಣಿಕೆಗಳನ್ನು ಕೂಗುತ್ತ ಕೊನೆಯವರೆಗೂ ತಂಡವನ್ನು ನಡೆಸಿದನು. ಕಲಹದ ನಡುವೆ ಲೆಕ್ಕ ತಪ್ಪದ ಆ ಮನಸ್ಸನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಆ ವರ್ಷವೇ ತಂಡವು ದಕ್ಷಿಣ ಅಮೆರಿಕಕ್ಕೆ ಹಡಗು ಹತ್ತಿತು. ಸಮುದ್ರಯಾನಕ್ಕೆ ಅಂಜುತ್ತಿದ್ದ ಡಿಯಾಘಿಲೆವ್ ಹಿಂದೆಯೇ ಉಳಿದನು. ಹಡಗಿನಲ್ಲಿ ರೊಮೋಲಾ ದ ಪುಲ್ಸ್‌ಕಿ ಎಂಬ ಹಂಗೆರಿಯ ತರುಣಿಯಿದ್ದಳು. ಆ ದೇಶದ ಪ್ರಸಿದ್ಧ ನಟಿಯೊಬ್ಬಳ ಮಗಳು. ಇಬ್ಬರಿಗೂ ಸರಿಯಾಗಿ ಬರುವ ಒಂದು ಭಾಷೆಯಿರಲಿಲ್ಲ. ಆದರೂ 1913ರ ಸೆಪ್ಟೆಂಬರ್ 10ರಂದು ಬ್ಯೂನಸ್ ಐರಿಸ್‌ನಲ್ಲಿ ಮದುವೆಯಾಯಿತು. ಸುದ್ದಿ ತಿಳಿದ ಡಿಯಾಘಿಲೆವ್ ಅವನನ್ನು ತಂಡದಿಂದ ಹೊರಹಾಕಿದನು. 1914ರಲ್ಲಿ ಲಂಡನ್ನಿನಲ್ಲಿ ನಿಜಿನ್‌ಸ್ಕಿ ತನ್ನದೇ ತಂಡ ಕಟ್ಟಿದನು. ವ್ಯವಹಾರ ಅವನಿಗೆ ಒಗ್ಗಿದ ವಿದ್ಯೆಯಲ್ಲ. ಎರಡೇ ವಾರದಲ್ಲಿ ಕಾಯಿಲೆ ಬಿದ್ದನು, ಒಪ್ಪಂದ ಮುರಿಯಿತು. ಆ ಬೇಸಗೆಯಲ್ಲಿ ಮಗಳು ಕೀರಾ ಹುಟ್ಟಿದಳು. ಅದರ ಬೆನ್ನಿಗೇ ಮಹಾಯುದ್ಧ. ಬುಡಾಪೆಸ್ಟಿನ ಅತ್ತೆಯ ಮನೆಯಲ್ಲಿದ್ದ ಅಳಿಯ ರಷ್ಯದ ಪ್ರಜೆಯಾದುದರಿಂದ ಶತ್ರುದೇಶದ ಬಂದಿಯಾದನು. ಆ ಬಿಡುವಿನಲ್ಲಿ ಅವನು ನೃತ್ಯವನ್ನು ಕಾಗದದ ಮೇಲೆ ಬರೆದಿಡುವ ಲಿಪಿಯೊಂದನ್ನು ರೂಪಿಸುತ್ತಿದ್ದನು.

ಹಲವರ ಪ್ರಯತ್ನದಿಂದ ಬಿಡುಗಡೆಯಾಗಿ 1916ರಲ್ಲಿ ಅಮೆರಿಕಕ್ಕೆ ಹೋದನು. ಅಲ್ಲಿ ಟಿಲ್ ಆಯ್ಲೆನ್‌ಷ್ಪೀಗೆಲ್ ಎಂಬ ತನ್ನ ಕೊನೆಯ ಸಂಯೋಜನೆಯನ್ನು ಪ್ರದರ್ಶಿಸಿದನು. ಈ ಕಾಲಕ್ಕೆ ಶಂಕೆ ಅವನ ಮನಸ್ಸನ್ನು ಹೊಕ್ಕಿತ್ತು. ರಂಗದ ಮೇಲೆ ಯಾರೋ ತನಗೆ ಅಪಾಯ ಒಡ್ಡಿದ್ದಾರೆಂಬ ಅಂಜಿಕೆ. ಡಿಯಾಘಿಲೆವ್‌ನ ಕಡೆಯವರು ತನ್ನ ಹಿಂದೆ ಬಿದ್ದಿದ್ದಾರೆಂಬ ಗುಮಾನಿ. 1917ರ ಸೆಪ್ಟೆಂಬರ್ ಕೊನೆಯಲ್ಲಿ ಮಾಂಟೆವಿಡಿಯೋ ನಗರದಲ್ಲಿ ರೆಡ್ ಕ್ರಾಸ್ ಸಂಸ್ಥೆಯ ಸಹಾಯಾರ್ಥ ಅವನು ಕುಣಿದನು. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅಂದಿನ ಸಭೆಯಲ್ಲಿ ನುಡಿಸಿದನು. ಹಣ ಕೊಟ್ಟು ಬಂದ ಪ್ರೇಕ್ಷಕರು ಅವನನ್ನು ಮತ್ತೆಂದೂ ರಂಗದ ಮೇಲೆ ನೋಡಲಿಲ್ಲ.

ವಿಶ್ರಾಂತಿಗೆಂದು ದಂಪತಿಗಳು ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನಲ್ಲಿ ಮನೆ ಹಿಡಿದರು. ಮೊದಮೊದಲು ಎಲ್ಲವೂ ಹಿತವಾಗಿಯೇ ಇತ್ತು. 1918ರ ಚಳಿಗಾಲದ ಹೊತ್ತಿಗೆ ಅವನು ರಾತ್ರಿಯಿಡೀ ಚಿತ್ರ ಬರೆಯತೊಡಗಿದನು. ಕಾಗದದ ತುಂಬ ವೃತ್ತಗಳು, ವೃತ್ತಗಳೊಳಗೆ ದಿಟ್ಟಿಸುವ ಕಣ್ಣುಗಳು. ಕೊರಳಿಗೆ ದೊಡ್ಡ ಶಿಲುಬೆಯನ್ನು ತೊಟ್ಟು ಬೀದಿಯಲ್ಲಿ ಹೋಗುವವರನ್ನು ತಡೆದು, ಇಗರ್ಜಿಗೆ ಹೋದಿರಾ ಎಂದು ಕೇಳುತ್ತಿದ್ದನು. ಅವರ ಮನೆಯಲ್ಲಿ ಒಲೆಯ ಕೆಲಸಕ್ಕಿದ್ದ ಆಳೊಬ್ಬನು ಹುಡುಗನಾಗಿದ್ದಾಗ ಹತ್ತಿರದ ಸಿಲ್ಸ್ ಮರಿಯಾದಲ್ಲಿ ತತ್ತ್ವಜ್ಞಾನಿ ನೀಟ್ಷೆಗೆ ಸೇವೆ ಮಾಡಿದ್ದವನು. ನೀಟ್ಷೆಯ ಬುದ್ಧಿ ಕೆಡುವ ಮೊದಲು ಅವನೂ ಹೀಗೆಯೇ ಇದ್ದನೆಂದು ಆ ಆಳು ಅಂಜುತ್ತ ತನಗೆ ತಿಳಿಸಿದನೆಂದು ರೊಮೋಲಾ ಬರೆದಿದ್ದಾಳೆ.

1919ರ ಜನವರಿ 19ರಂದು ಸೇಂಟ್ ಮೊರಿಟ್ಜ್‌ನ ಸೂವ್ರೆಟ್ಟಾ ಹೋಟೆಲಿನಲ್ಲಿ ಆಮಂತ್ರಿತರ ಮುಂದೆ ಅವನ ನರ್ತನ ಏರ್ಪಾಟಾಯಿತು. ಬಂದವನು ಒಂದು ಕುರ್ಚಿಯ ಮೇಲೆ ಕುಳಿತು ಪ್ರೇಕ್ಷಕರನ್ನು ದಿಟ್ಟಿಸತೊಡಗಿದನು. ಬಹಳ ಹೊತ್ತು ಕಳೆಯಿತು. ಅವನು ಕದಲಲಿಲ್ಲ, ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಎದ್ದು, ಕಪ್ಪು ಬಿಳಿ ಬಟ್ಟೆಗಳನ್ನು ನೆಲದ ಮೇಲೆ ಶಿಲುಬೆಯಾಗಿ ಹಾಸಿ, ಯುದ್ಧವನ್ನೇ ಕುಣಿದನು. ಹೆಣಗಳ ನಡುವೆ ಹೆಜ್ಜೆಯಿಡುವವನಂತೆ, ಸಾವಿನಿಂದ ತಪ್ಪಿಸಿಕೊಳ್ಳಲು ಹೆಣಗುವವನಂತೆ ಕುಣಿದ ಅವನನ್ನು ಕಂಡು ಸಭೆ ನಡುಗಿತು. ಅವನ ಕೊನೆಯ ನರ್ತನ ಅದೇ.

ಅದೇ ದಿನ ಅವನು ದಿನಚರಿ ಬರೆಯತೊಡಗಿ ಆರೇಳು ವಾರ ಎಡೆಬಿಡದೆ ಬರೆದನು. ರೊಮೋಲಾ ಅದನ್ನು ಎಷ್ಟೋ ಭಾಗ ಕತ್ತರಿಸಿ 1936ರಲ್ಲಿ ಪ್ರಕಟಿಸಿದಳು. ಕತ್ತರಿಸದ ಇಂಗ್ಲಿಷ್ ಅನುವಾದ 1999ರಲ್ಲಿ ಬಂದಿತು. ಅದನ್ನು ಓದುವುದು ಸುಲಭವಲ್ಲ. ಸಣ್ಣ ಸಣ್ಣ ವಾಕ್ಯಗಳು, ಒಂದರ ಹಿಂದೊಂದು, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ. ದೇವರು ತನಗೆ ಆಜ್ಞೆ ಮಾಡುತ್ತಿದ್ದಾನೆ, ತಾನೇ ದೇವರು, ತಾನೇ ಎಲ್ಲರ ಪಾಪಕ್ಕೆ ಹೊಣೆ. ಹಿಮದ ಮೇಲೆ ಒಂದು ಕಲೆ ಕಂಡರೆ ಅದು ನೆತ್ತರು, ಅದು ತನಗೆ ಬಂದ ಸೂಚನೆ. ತಿನ್ನುವ ಮಾಂಸ, ಹೆಂಡತಿಯ ಅಳು, ಟೆಲಿಫೋನಿನ ಗಂಟೆ, ಬರೆಯುವ ಲೇಖನಿ, ಯಾವುದೂ ಬರಿಯ ವಸ್ತುವಾಗಿ ಉಳಿದಿಲ್ಲ. ಎಲ್ಲಕ್ಕೂ ಅವನನ್ನು ಕುರಿತೇ ಒಂದು ಅರ್ಥ. ನಡುನಡುವೆ ಹೆಂಡತಿ ಮಗುವಿನ ಮೇಲಣ ಮಮತೆ ಮನಸ್ಸನ್ನು ಕಲಕುವಂತೆ ಮೂಡುತ್ತದೆ. ತನ್ನನ್ನು ಆಸ್ಪತ್ರೆಗೆ ಒಯ್ಯಲಿದ್ದಾರೆಂಬುದು ಅವನಿಗೆ ತಿಳಿದೇ ಇತ್ತು.

ಮಾರ್ಚ್ ತಿಂಗಳಲ್ಲಿ ಜ್ಯೂರಿಕ್ಕಿಗೆ ಒಯ್ದರು. ಅಲ್ಲಿಯ ಬುರ್ಗ್‌ಹೋಲ್ಜ್‌ಲಿ ಚಿಕಿತ್ಸಾಲಯದ ಮುಖ್ಯಸ್ಥರು ಪ್ರೊಫೆಸರ್ ಯೂಜೀನ್ ಬ್ಲಾಯ್ಲರರು. ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು 1908ರಲ್ಲಿ ಟಂಕಿಸಿ, 1911ರಲ್ಲಿ ಅದರ ಮೇಲೆ ಉದ್ಗ್ರಂಥವನ್ನು ಬರೆದವರು ಅವರೇ. ನಮ್ಮ ವೈದ್ಯರು ಇದನ್ನು ಕನ್ನಡದಲ್ಲಿ ಇಚ್ಚಿತ್ತವಿಕಲತೆ ಎಂದು ಕರೆದಿದ್ದಾರೆ. ಯೋಚನೆ, ಭಾವ, ಸಂಕಲ್ಪ ಇವು ಒಂದರಿಂದೊಂದು ಬಿರಿದು ಬೇರೆಯಾಗುವುದೇ ಈ ರೋಗದ ತಿರುಳೆಂದು ಬ್ಲಾಯ್ಲರರ ಮತ. ಅವರು ನಿಜಿನ್‌ಸ್ಕಿಯನ್ನು ಪರೀಕ್ಷಿಸಿ ರೋಗ ಇದೇ ಎಂದು ನಿರ್ಣಯಿಸಿದರು; ಗುಣವಾಗುವ ಆಸೆಯಿಲ್ಲವೆಂದು ತನಗೆ ತಿಳಿಸಿದರೆಂದು ರೊಮೋಲಾ ಬರೆಯುತ್ತಾಳೆ. ಈಚಿನ ಕೆಲವು ವೈದ್ಯರು ಅವನಲ್ಲಿ ಭಾವೋದ್ರೇಕದ ಲಕ್ಷಣಗಳೂ ಬೆರೆತಿದ್ದವೆಂದು ವಾದಿಸಿದ್ದಾರೆ. ಅದೇನೇ ಇರಲಿ, ಕ್ರಾಯ್ಜ್‌ಲಿಂಗೆನ್ ಊರಿನಲ್ಲಿ ಡಾಕ್ಟರ್ ಲುಡ್ವಿಗ್ ಬಿನ್ಸ್‌ವಾಂಗರರ ಬೆಲ್‌ವ್ಯೂ ಚಿಕಿತ್ಸಾಲಯ ಅವನ ಮನೆಯಾಯಿತು.

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ, ಬ್ಲಾಯ್ಲರರಿಗೂ ಗೊತ್ತಾಗದಿದ್ದ ಒಂದು ವಿಷಯವನ್ನು ಹೇಳಬೇಕು. ನಿಜಿನ್‌ಸ್ಕಿ ಷೆಹೆರಜಾದೆಯ ಗುಲಾಮನಾಗಿ ಪ್ಯಾರಿಸನ್ನು ಬೆರಗುಗೊಳಿಸಿದ 1910ರಲ್ಲಿಯೇ ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಬಾರ್ಜರ್ ಮತ್ತು ಯೂಯೆನ್ಸ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಒಂದು ಸಣ್ಣ ವಸ್ತುವನ್ನು ತಯಾರಿಸಿದ್ದರು. ಮುಂದೆ ಅದಕ್ಕೆ ಡೋಪಮಿನ್ ಎಂದು ಹೆಸರಾಯಿತು. ನಮ್ಮ ಮಿದುಳಿನಲ್ಲಿ ಅದು ಇದೆಯೆಂಬುದು ತಿಳಿಯಲು 1957 ಬರಬೇಕಾಯಿತು. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಬೇಕಾದರೆ ನಡುವಣ ಕಿರುಸಂದಿಯನ್ನು ಯಾವುದೋ ಒಂದು ರಾಸಾಯನಿಕ ದಾಟಬೇಕು. ದಾಟಿ ಆಚೆ ದಡದ ಗ್ರಾಹಕಗಳಲ್ಲಿ, ಬೀಗದಲ್ಲಿ ಕೀಲಿ ಕೂರುವಂತೆ, ಕೂರಬೇಕು. ಅಂಥ ದೂತರಲ್ಲಿ ಡೋಪಮಿನ್ ಒಂದು. ಕೋಟಿಕೋಟಿ ನರಕೋಶಗಳಿರುವ ಮಿದುಳಿನಲ್ಲಿ ಅದನ್ನು ತಯಾರಿಸುವ ಕೋಶಗಳು ಕೆಲವೇ ಲಕ್ಷ, ಹೆಚ್ಚಿನವು ನಡುಮಿದುಳಿನಲ್ಲಿ. ಆದರೆ ಅವುಗಳ ತಂತುಗಳು ಬಹುದೂರ ಹರಡಿವೆ. ಕೆಲವು ಮೈಯ ಚಲನೆಯನ್ನು ನಿಯಂತ್ರಿಸುವೆಡೆಗೆ ಹೋಗುತ್ತವೆ. ಕೆಲವು ಕಂಡದ್ದರಲ್ಲಿ ಯಾವುದು ಮುಖ್ಯ, ಯಾವುದು ಅಲಕ್ಷ್ಯ ಎಂದು ಮನಸ್ಸು ಗುರುತು ಹಾಕಲು ನೆರವಾಗುವೆಡೆಗೆ. ಇನ್ನು ಕೆಲವು ಯೋಜನೆ ವಿವೇಚನೆಗಳ ಸ್ಥಾನವಾದ ಹಣೆಯ ಹಿಂಬದಿಯ ಭಾಗಕ್ಕೆ.

ಈ ಜ್ಞಾನ ಬೆಳೆದು ಬಂದ ದಾರಿಯಲ್ಲಿ ನಮ್ಮ ದೇಶದ ಒಂದು ಬೇರೂ ಇದೆ. ಸರ್ಪಗಂಧವನ್ನು ನಮ್ಮ ವೈದ್ಯರು ಮತಿಭ್ರಮಣೆಗೆ ಕೊಡುವುದು ಹಿಂದಿನಿಂದಲೂ ನಡೆದು ಬಂದದ್ದು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಹುಚ್ಚಿಗೂ ರಕ್ತದ ಒತ್ತಡಕ್ಕೂ ಅದರ ಉಪಯೋಗವನ್ನು ಆಧುನಿಕ ರೀತಿಯಲ್ಲಿ ವರದಿ ಮಾಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಅದರ ಸಾರವಾದ ರೆಸರ್ಪಿನ್ ಅನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ಈ ರೆಸರ್ಪಿನನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋಲುಬಿಟ್ಟು ಕದಲದೆ ಬಿದ್ದುಕೊಂಡವು. ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಎದ್ದು ಓಡಾಡಿದವು. ರೆಸರ್ಪಿನ್ ಮಿದುಳಿನ ಡೋಪಮಿನ್ ದಾಸ್ತಾನನ್ನು ಬರಿದು ಮಾಡುತ್ತದೆ, ಡೋಪಮಿನ್ ಇಲ್ಲದೆ ಚಲನೆಯಿಲ್ಲ ಎಂಬುದು 1957-58ರ ಈ ಪ್ರಯೋಗಗಳಿಂದ ತಿಳಿಯಿತು. ಕಾರ್ಲ್‌ಸನ್ ಅವರಿಗೆ 2000ದಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಇನ್ನೊಂದು ದಾರಿ ಫ್ರಾನ್ಸಿನದು. 1950ರ ಡಿಸೆಂಬರಿನಲ್ಲಿ ಅಲ್ಲಿ ಕ್ಲೋರ್‌ಪ್ರೊಮಜಿನ್ ತಯಾರಾಯಿತು. 1952ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಎಂಬ ವೈದ್ಯರು ಅದನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದರು. ಹಗಲಿರುಳು ಕಿರುಚುತ್ತಿದ್ದವರು ಶಾಂತರಾದರು, ಅಶರೀರ ವಾಣಿಗಳು ತಗ್ಗಿದವು. ಇಂಥ ಮದ್ದುಗಳು ಡೋಪಮಿನ್ ಕೂರಬೇಕಾದ ಗ್ರಾಹಕಗಳನ್ನು ಆಕ್ರಮಿಸಿ ಮುಚ್ಚುತ್ತವೆಂಬುದರ ಸುಳಿವು 1963ರಲ್ಲಿ ಕಾರ್ಲ್‌ಸನ್ನರ ಪ್ರಯೋಗದಿಂದಲೇ ದೊರೆಯಿತು. 1975-76ರಲ್ಲಿ ಟೊರಾಂಟೋ ಮತ್ತು ಬಾಲ್ಟಿಮೋರ್ ನಗರಗಳ ವಿಜ್ಞಾನಿಗಳು ಅದನ್ನು ಅಳೆದು ತೋರಿಸಿದರು: ಯಾವ ಮದ್ದು ಗ್ರಾಹಕಕ್ಕೆ ಎಷ್ಟು ಬಲವಾಗಿ ಅಂಟುವುದೋ ಅಷ್ಟು ಕಡಮೆ ಪ್ರಮಾಣದಲ್ಲಿ ಅದು ರೋಗಿಯ ಮೇಲೆ ಕೆಲಸ ಮಾಡುತ್ತದೆ. 1990ರ ದಶಕದಿಂದೀಚೆಗೆ ಜೀವಂತ ಮಿದುಳನ್ನು ಚಿತ್ರಿಸುವ ಯಂತ್ರಗಳು ಬಂದ ಮೇಲೆ, ಈ ರೋಗದಲ್ಲಿ ಮಿದುಳಿನ ಒಳಗಣ ಸ್ಟ್ರಯೇಟಮ್ ಎಂಬ ಭಾಗದಲ್ಲಿ ಡೋಪಮಿನ್ ತಯಾರಿಕೆಯೂ ಬಿಡುಗಡೆಯೂ ಸಾಮಾನ್ಯವಾಗಿ ಹೆಚ್ಚಿರುತ್ತವೆಂದು ಕಂಡುಬಂದಿದೆ. ಅದೇ ವೇಳೆಗೆ ಹಣೆಯ ಹಿಂದಣ ಭಾಗದಲ್ಲಿ ಅದರ ಕೊರತೆಯಿದ್ದು, ಉತ್ಸಾಹ ಸಂಕಲ್ಪಗಳು ಬತ್ತಿಹೋಗುವುದಕ್ಕೆ ಅದೂ ಒಂದು ಕಾರಣವಿರಬಹುದೆಂದು ಊಹಿಸುತ್ತಾರೆ.

ಹೆಚ್ಚಿದರೆ ಏನಾಗುತ್ತದೆ? ಮುಖ್ಯವಾದುದಕ್ಕೆ ಮಾತ್ರ ಬೀಳಬೇಕಾದ ಗುರುತು ಕಂಡಕಂಡದ್ದಕ್ಕೆಲ್ಲ ಬೀಳುತ್ತದೆ ಎಂಬುದು ಈ ಶತಮಾನದ ಆರಂಭದಲ್ಲಿ ವಿದ್ವಾಂಸರು ಕೊಟ್ಟ ವಿವರಣೆ. ದಾರಿಹೋಕನ ಕೆಮ್ಮು, ಗೋಡೆಯ ಬಿರುಕು, ಪತ್ರಿಕೆಯ ಒಂದು ಅಕ್ಷರ, ಎಲ್ಲವೂ ತನ್ನನ್ನೇ ಉದ್ದೇಶಿಸಿದಂತೆ ಕಾಣುತ್ತವೆ. ಹೀಗೆ ಬಂದೆರಗಿದ ಅರ್ಥಗಳ ರಾಶಿಯನ್ನು ಹೊಂದಿಸಲು ಮನಸ್ಸು ಒಂದು ಕಥೆ ಕಟ್ಟುತ್ತದೆ; ಶತ್ರುಗಳ ಸಂಚೋ, ದೇವರ ಆಜ್ಞೆಯೋ. ಈ ವಿವರಣೆಯನ್ನು ತಿಳಿದ ಮೇಲೆ ಸೇಂಟ್ ಮೊರಿಟ್ಜ್‌ನ ದಿನಚರಿ ನನಗೆ ಬೇರೆಯಾಗಿಯೇ ಓದಿಸಿಕೊಂಡಿತು. ಹಿಮದ ಮೇಲಣ ಕಲೆ ನೆತ್ತರಾದದ್ದೂ ಟೆಲಿಫೋನಿನ ಗಂಟೆ ದೇವರ ಕರೆಯಾದದ್ದೂ ಕವಿಯ ಉತ್ಪ್ರೇಕ್ಷೆಯಲ್ಲ, ದಾರ್ಶನಿಕನ ಒಗಟೂ ಅಲ್ಲ. ಅಲಕ್ಷ್ಯಮಾಡುವ ಶಕ್ತಿಯನ್ನು ಕಳೆದುಕೊಂಡ ಮಿದುಳಿನ ಸಂಕಟ ಅದು. ಅಂಥ ಮಿದುಳಿನೊಡನೆ ಹೆಣಗುತ್ತ ಅವನು ಹೆಂಡತಿ ಮಗುವಿನ ಪ್ರೀತಿಯನ್ನು ಬಿಡದೆ ಬರೆದನಲ್ಲ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೆ ಎಲ್ಲ ರಹಸ್ಯವೂ ಬಯಲಾಯಿತೆಂದು ತಿಳಿಯಬಾರದು. ಡೋಪಮಿನ್ ಒಂದೇ ಕಾರಣವಲ್ಲ. ಸುಮಾರು ಮೂರರಲ್ಲೊಂದು ಪಾಲು ರೋಗಿಗಳಿಗೆ ಅದರ ಗ್ರಾಹಕಗಳನ್ನು ಮುಚ್ಚುವ ಸಾಮಾನ್ಯ ಮದ್ದುಗಳಿಂದ ತಕ್ಕ ಪ್ರಯೋಜನವಾಗುವುದಿಲ್ಲ. ಅಂಥವರ ಮಿದುಳಿನಲ್ಲಿ ಡೋಪಮಿನ್ ಹೆಚ್ಚಿರದೆಯೂ ಇರಬಹುದೆಂದು ಚಿತ್ರಗಳು ತೋರಿಸಿವೆ. ಗ್ಲುಟಮೇಟ್ ಎಂಬ ಬೇರೊಂದು ದೂತನ ಕಡೆಗೂ ಸಂಶೋಧನೆ ಸಾಗಿದೆ. ರೋಗಕ್ಕೆ ವಂಶದ ಒಲವು, ಗರ್ಭದಲ್ಲಿನ ತೊಂದರೆ, ಬೆಳೆಯುವ ಕಾಲದ ಒತ್ತಡಗಳು ಎಲ್ಲವೂ ಸ್ವಲ್ಪ ಸ್ವಲ್ಪ ಕಾರಣ. ಯಾವೊಬ್ಬ ಮನುಷ್ಯನೂ ಇನ್ನೊಬ್ಬನಿಗೆ ಇದನ್ನು ಒಂದು ಕಾಗದ ಬರೆದೋ ಒಂದು ಮದುವೆ ಮಾಡಿಕೊಂಡೋ ತಂದೊಡ್ಡಲಾರ.

ಇಷ್ಟು ತಿಳಿದು ಅವನ ಮಿಕ್ಕ ಬಾಳನ್ನು ನೋಡೋಣ. ಒಮ್ಮೆ ಉದ್ರೇಕ, ಒಮ್ಮೆ ಬೊಂಬೆಯಂತೆ ನಿಶ್ಚಲ. ಉಣ್ಣಿಸಿದರೆ ಉಂಡಾನು, ಇಲ್ಲದಿದ್ದರೆ ಇಲ್ಲ. 1920ರಲ್ಲಿ ಎರಡನೆಯ ಮಗಳು ತಮಾರಾ ಹುಟ್ಟಿದಳು. ಚಿಕಿತ್ಸಾಲಯದಿಂದ ಮನೆಗೆ, ಮನೆಯಿಂದ ಚಿಕಿತ್ಸಾಲಯಕ್ಕೆ ಎಡತಾಕುತ್ತ ವರ್ಷಗಳು ಉರುಳಿದವು. 1928ರಲ್ಲಿ ಡಿಯಾಘಿಲೆವ್ ಅವನನ್ನು ಪ್ಯಾರಿಸಿನ ಆಪೆರಾ ಮಂದಿರಕ್ಕೆ ಕರೆತಂದು ಪೆಟ್ರೂಷ್ಕಾ ತೋರಿಸಿದನು. ಹಳೆಯ ಜೊತೆಗಾತಿ ಕರ್ಸಾವಿನಾ ಮುಂದೆ ನಿಂತರೂ ಅವನಲ್ಲಿ ಪರಿಚಯದ ಬೆಳಕು ಮೂಡಲಿಲ್ಲ. ಅಂದು ತೆಗೆದ ಚಿತ್ರದಲ್ಲಿ ಎಲ್ಲರ ನಡುವೆ ಅವನು ಮೆಲ್ಲಗೆ ನಗುತ್ತ ಬೇರೆಲ್ಲಿಯೋ ಇದ್ದಾನೆ. ಮರುವರ್ಷ ಡಿಯಾಘಿಲೆವ್ ತೀರಿಕೊಂಡನು.

1938ರಲ್ಲಿ ಸಕೆಲ್ ಎಂಬ ವೈದ್ಯರು ಕಂಡುಹಿಡಿದ ಇನ್ಸುಲಿನ್ ಚಿಕಿತ್ಸೆ ಆರಂಭವಾಯಿತು. ಇನ್ಸುಲಿನ್ ಚುಚ್ಚಿ ರಕ್ತದ ಸಕ್ಕರೆಯನ್ನು ಇಳಿಸಿ ರೋಗಿಯನ್ನು ಮೂರ್ಛೆಗೆ ತಂದು ಮತ್ತೆ ಎಬ್ಬಿಸುವ ಭಯಂಕರ ವಿಧಾನವದು; ಇಂದು ಯಾರೂ ಅದನ್ನು ಬಳಸುವುದಿಲ್ಲ. ಅವನು ಸ್ವಲ್ಪ ಚೇತರಿಸಿಕೊಂಡಂತೆ ಕಂಡನು. 1939ರಲ್ಲಿ ಸೆರ್ಜ್ ಲಿಫಾರ್ ಎಂಬ ನರ್ತಕನು ಬಂದು ಅವನ ಮುಂದೆ ಕುಣಿದಾಗ ನಿಜಿನ್‌ಸ್ಕಿ ಇದ್ದಕ್ಕಿದ್ದಂತೆ ಇದ್ದಲ್ಲಿಂದಲೇ ಮೇಲಕ್ಕೆ ಹಾರಿದನು. ಕೋಟು ತೊಟ್ಟ, ಮೈ ತೂಕ ಬಂದ ಐವತ್ತರ ಮನುಷ್ಯ ನೆಲದಿಂದ ಮೇಲೆದ್ದ ಆ ಕ್ಷಣದ ಛಾಯಾಚಿತ್ರ ಉಳಿದಿದೆ. ಎರಡನೆಯ ಮಹಾಯುದ್ಧ ಮತ್ತೆ ಅವರನ್ನು ಹಂಗೆರಿಯಲ್ಲಿ ಸಿಕ್ಕಿಸಿತು. ಮನೋರೋಗಿಗಳನ್ನು ಕೊಲ್ಲುವುದು ನಾಜಿಗಳ ನೀತಿಯಾಗಿದ್ದ ಆ ದಿನಗಳಲ್ಲಿ ರೊಮೋಲಾ ಅವನನ್ನು ಕಾಪಾಡಿಕೊಂಡಳು. 1945ರಲ್ಲಿ ಬಂದ ರಷ್ಯನ್ ಸೈನಿಕರು ರಾತ್ರಿ ಬೆಂಕಿಯ ಸುತ್ತ ಹಾಡಿ ಕುಣಿಯುವಾಗ ತನ್ನ ಗಂಡನೂ ಅವರೊಡನೆ ಸೇರಿದನೆಂದು ಆಕೆ ಬರೆದಿದ್ದಾಳೆ. ತಾಯಿನುಡಿಯಂತಿದ್ದ ಆ ಮಾತು ಕಿವಿಗೆ ಬಿದ್ದಾಗ ಅವನೂ ಕೆಲವು ಮಾತಾಡಿದನಂತೆ. 1947ರಲ್ಲಿ ಇಂಗ್ಲೆಂಡಿಗೆ ಹೋದರು. 1950ರ ಏಪ್ರಿಲ್ 8ರಂದು ಮೂತ್ರಪಿಂಡಗಳ ವೈಫಲ್ಯದಿಂದ ಲಂಡನ್ನಿನಲ್ಲಿ ಅವನು ತೀರಿಕೊಂಡನು. ಕ್ಲೋರ್‌ಪ್ರೊಮಜಿನ್ ತಯಾರಾದದ್ದು ಅದಕ್ಕೆ ಎಂಟು ತಿಂಗಳ ಬಳಿಕ.

ಆ ಮದ್ದು ಸಿಕ್ಕಿದ್ದರೆ ಅವನು ಉಳಿಯುತ್ತಿದ್ದನೇ ಎಂದು ಯಾರಾದರೂ ಕೇಳಬಹುದು. ವಾಣಿಗಳು ತಗ್ಗಿ, ಹೆಂಡತಿ ಮಕ್ಕಳೊಡನೆ ಮಾತಾಡಿಕೊಂಡು ಮನೆಯಲ್ಲಿ ಇರುತ್ತಿದ್ದನೇನೋ. ಆದರೆ ಡೋಪಮಿನ್ನಿನ ದಾರಿಗಳು ಮನಸ್ಸಿಗೂ ಮೈಗೂ ಸೇರಿದವು. ಮನಸ್ಸಿನ ಅತಿಯನ್ನು ತಗ್ಗಿಸುವ ಹಳೆಯ ಮದ್ದುಗಳು ಮೈಯ ಚಲನೆಯನ್ನೂ ಮುಟ್ಟುತ್ತಿದ್ದವು: ಕೈಕಾಲು ಬಿಗಿತ, ನಡುಕ, ಎಳೆದೆಳೆದು ನಡೆಯುವ ನಡಿಗೆ, ಬಹುಕಾಲ ತೆಗೆದುಕೊಂಡವರಲ್ಲಿ ತುಟಿ ನಾಲಗೆಗಳ ನಿಲ್ಲದ ಆಟ. ಮನಸ್ಸನ್ನು ಮರಳಿ ಕೊಡುವಾಗ ನೆಗೆತವನ್ನು ಬೆಲೆಯಾಗಿ ಕೇಳುವ ಮದ್ದನ್ನು ನರ್ತಕನಿಗೆ ಕೊಡುವುದು ಹೇಗೆ? ಈ ಕಷ್ಟವನ್ನು ತಗ್ಗಿಸುವ ಮದ್ದುಗಳು ಮುಂದೆ ಬಂದವು, ಅವಕ್ಕೂ ತಮ್ಮ ತೊಡಕುಗಳಿವೆ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಂದು ಮದ್ದು ಡೋಪಮಿನ್ ಗ್ರಾಹಕಗಳನ್ನು ಮುಚ್ಚದೆ ಬೇರೆ ದಾರಿಯಿಂದ ಕೆಲಸ ಮಾಡುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಡಿಯಾಘಿಲೆವ್ ಕಠಿಣನಾಗಿದ್ದನು, ರೊಮೋಲಾ ಹಟಮಾರಿಯಾಗಿದ್ದಳು, ಅವಳ ಬರಹದಲ್ಲಿ ಎಷ್ಟೋ ಮರೆಮಾಚಿಕೆಯಿದೆ. ಒತ್ತಡ ರೋಗವನ್ನು ಕೆರಳಿಸಬಲ್ಲದು, ನಿಜ. ಆದರೆ ಅವರಿಬ್ಬರೂ ಆ ರೋಗವನ್ನು ಸೃಷ್ಟಿಸಿದವರಲ್ಲ. ಇನ್ನು ಪ್ರತಿಭೆಗೂ ಹುಚ್ಚಿಗೂ ಒಂದೇ ತಾಯಿ ಎಂಬ ಮಾತು. ವಸಂತದ ಆರಾಧನೆಯ ರಾತ್ರಿ ಗಲಭೆಯ ನಡುವೆ ಕುರ್ಚಿಯ ಮೇಲೆ ನಿಂತು ತಾಳ ತಪ್ಪದೆ ಎಣಿಸಿದ ಮನಸ್ಸು ಆರೋಗ್ಯವಾದ ಮನಸ್ಸು. ಕಳೆದುಹೋಗಿದ್ದ ಆ ನೃತ್ಯವನ್ನು ವರ್ಷಗಟ್ಟಲೆ ಸಂಶೋಧಿಸಿ 1987ರಲ್ಲಿ ಅಮೆರಿಕದ ಜಾಫ್ರೀ ತಂಡದವರು ಮತ್ತೆ ರಂಗಕ್ಕೆ ತಂದರು. ಅದರ ಒಂದೊಂದು ಹೆಜ್ಜೆಯ ಹಿಂದೆಯೂ ಕಠಿಣವಾದ ಲೆಕ್ಕವಿದೆಯೆಂದು ನೋಡಿದವರಿಗೆ ತಿಳಿಯುತ್ತದೆ. ರೋಗ ಬಂದ ಮೇಲೆ ಅವನು ಹೊಸ ನೃತ್ಯವೊಂದನ್ನೂ ರಂಗಕ್ಕೆ ತರಲಿಲ್ಲ. ಅವನ ಕಲೆ ರೋಗದ ವರವಾಗಿದ್ದರೆ ಆ ಮೂವತ್ತೊಂದು ವರ್ಷ ಬಂಜೆಯಾಗಬೇಕಿರಲಿಲ್ಲ.

ಜಗತ್ತಿನಲ್ಲಿ ಇಂದು ಎರಡು ಕೋಟಿಗೂ ಮಿಕ್ಕಿ ಜನರಿಗೆ ಈ ರೋಗವಿದೆ. ಬಹುಪಾಲು ಅದು ಕಾಲಿಡುವುದು ಹರೆಯದ ಅಥವಾ ಇಪ್ಪತ್ತರ ವಯಸ್ಸಿನಲ್ಲಿ. ನಮ್ಮ ಕಾಲೇಜುಗಳ ಬೆಂಚುಗಳ ಮೇಲೆ ಕೂರುವವರ ವಯಸ್ಸು ಅದು. ಓದಿನಲ್ಲಿ ಮುಂದಿದ್ದ ಹುಡುಗನು ಮಂಕಾದಾಗ, ಗೋಡೆಗೆ ಕಿವಿಗೊಟ್ಟಾಗ, ಗೆಳೆಯರ ನಗುವೆಲ್ಲ ತನ್ನ ಮೇಲೆಯೇ ಎಂದಾಗ, ನಮ್ಮ ಮನೆಗಳಲ್ಲೂ ಮೊದಲು ನಡೆಯುವುದು ಅಪರಾಧಿಯ ಹುಡುಕಾಟವೇ. ಮಾಟ ಮಾಡಿಸಿದವರು ಯಾರು, ಮುದ್ದು ಮಾಡಿ ಕೆಡಿಸಿದ ತಾಯಿಯೇ, ಕಾಲಿಟ್ಟ ಸೊಸೆಯೇ? ಈ ವಿಚಾರಣೆಯಲ್ಲಿ ಕಳೆದುಹೋಗುವ ತಿಂಗಳುಗಳು ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳ ತಿಂಗಳುಗಳೆಂದು ವೈದ್ಯರು ಹೇಳುತ್ತಾರೆ. ನಿಜಿನ್‌ಸ್ಕಿಗೆ ಚಿಕಿತ್ಸೆಯೇ ಇರಲಿಲ್ಲ. ಇಂದಿನ ಹುಡುಗನಿಗೆ ಇದೆ.

1953ರಲ್ಲಿ ಅವನ ದೇಹವನ್ನು ಲಂಡನ್ನಿನಿಂದ ಪ್ಯಾರಿಸಿಗೆ ತಂದು ಮಾನ್‌ಮಾರ್ತ್ರ್ ಸ್ಮಶಾನದಲ್ಲಿ ಮತ್ತೆ ಮಣ್ಣು ಮಾಡಿದರು. ಅದೇ ನಗರದ ದಕ್ಷಿಣದ ಅಂಚಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಆ ವೇಳೆಗೆ ಹೊಸ ಮದ್ದು ಕುಡಿದ ರೋಗಿಗಳು ಅಂಗಳದಲ್ಲಿ ತಿರುಗಾಡತೊಡಗಿದ್ದರು. ಈಗ ಅವನ ಗೋರಿಯ ಮೇಲೆ ಕಂಚಿನ ಪ್ರತಿಮೆಯೊಂದು ಕುಳಿತಿದೆ. ಅದು ಹಾರುವ ನಿಜಿನ್‌ಸ್ಕಿಯದಲ್ಲ. ದಣಿದು ಕೈಮೇಲೆ ಗಲ್ಲವಿಟ್ಟು ಕುಳಿತ ಪೆಟ್ರೂಷ್ಕಾ ಬೊಂಬೆಯದು.